ಕಾರಿನ ಸೂರೂ ಕೆರೆಯುವ ಕೂಲಿಯೂ

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚನಾ ಫಲಕದಲ್ಲಿ ಬರೆದು ಹಾಕಿದ ದಿನ ನನ್ನ ಉಗುರುಗಳ ಸಂದಿಯಲ್ಲಿ ಇನ್ನೂ ಹಳದಿಯ ಪುಡಿ ಇತ್ತು. ಅದು ಅರಿಸಿನವಲ್ಲ. ಹಳೆಯ ಕಾರೊಂದರ ಒಳಸೂರಿನಿಂದ ಉದುರಿದ ಸ್ಪಂಜಿನ ಪುಡಿ. ಅದನ್ನು ಕಂಡ ಗೆಳೆಯರು, “ಬಿ.ಎ. ಮುಗಿಸುವ ಮೊದಲೇ ಗ್ಯಾರೇಜು ಸೇರಿಬಿಟ್ಟೆಯಲ್ಲೋ!” ಎಂದು ನಕ್ಕರು. ನಗಲಿ. ಮೂರು ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಕುಳಿತು ಕೂಲಿಯ ವಿಷಯವಾಗಿ ನಾನು ಬರೆದುಕೊಂಡ ಟಿಪ್ಪಣಿಗಳಿಗಿಂತ ಆ ಒಂದೂವರೆ ದಿನದ ಕೆಲಸ ನನಗೆ ಹೆಚ್ಚು ತಿಳಿಸಿತೆಂದರೆ ಅಧ್ಯಾಪಕರು ಮುನಿಯಲಾರರೆಂದು ನಂಬಿದ್ದೇನೆ.

ಮೊದಲು ನಾನು ಬರೆಯಬೇಕೆಂದಿದ್ದ ಲೇಖನವೇ ಬೇರೆ. ಅದಕ್ಕೆ ತಲೆಬರಹವನ್ನೂ ಇಟ್ಟಾಗಿತ್ತು: ‘ಕುಷನ್ ಅಂಗಡಿಗಳ ಹಗಲು ದರೋಡೆ.’ ಅದು ಒಂದು ಪುಟದಲ್ಲಿಯೇ ನಿಂತುಹೋಯಿತು. ನಿಂತುದರ ಕಾರಣವೇ ಈ ಲೇಖನ.

ನನ್ನ ಸೋದರಮಾವನವರು ಎರಡು ವರ್ಷಗಳ ಹಿಂದೆ ಒಂದು ಕಾರನ್ನು ಕೊಂಡರು. ಅದಕ್ಕೆ ನಾಲ್ಕನೆಯ ಯಜಮಾನರು ಅವರು. ಕಾರಿಗಾಗಲೇ ಹದಿನೆಂಟು ವರ್ಷ ತುಂಬಿತ್ತು. ಯಾವ ಕಂಪೆನಿಯದೆಂಬ ಮಾತು ಬೇಡ, ಈ ರೋಗ ಎಲ್ಲ ಕಂಪೆನಿಗಳ ಕಾರುಗಳಿಗೂ ಬರುವಂಥದೇ. ಕೊಂಡಾಗ ಸೂರಿನ ಬಟ್ಟೆ ಹಿಂದಿನ ಗಾಜಿನ ಬಳಿ ಒಂದು ಅಂಗೈಯಗಲ ಮಾತ್ರ ಬಿಟ್ಟಿತ್ತು. ಮೆಕ್ಯಾನಿಕರು ‘ರೂಫ್ ಲೈನಿಂಗ್’ ಎನ್ನುತ್ತಾರಲ್ಲ, ಅದೇ ಬಟ್ಟೆ. ಬೇಸಗೆ ಕಳೆದು ಮಳೆಗಾಲ ಬರುವುದರೊಳಗೆ ಅದು ಮದುವೆಯ ಚಪ್ಪರಕ್ಕೆ ಕಟ್ಟಿದ ಬಟ್ಟೆಯಂತೆ ಜೋತುಬಿದ್ದಿತು. ಹಿಂದೆ ಬರುವ ಲಾರಿ ಕನ್ನಡಿಯಲ್ಲಿ ಕಾಣದಾಯಿತು. ಹಿಂದಿನ ಸೀಟಿನಲ್ಲಿ ಎತ್ತರದವರು ಕುಳಿತರೆ ತಲೆಯ ಮೇಲೆ ಸೆರಗು ಹೊದ್ದಂತೆ ಕಾಣುತ್ತಿದ್ದರು. ಇಷ್ಟಾದರೂ ಮಾವ ನಕ್ಕುಕೊಂಡೇ ಇದ್ದರು. ಆದರೆ ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೆಂದು ನಿಶ್ಚಯವಾಯಿತು. ಚಿಕಿತ್ಸೆಯಾದ ಮೇಲೆ ಕಣ್ಣಿಗೆ ಧೂಳು ಸೋಕಕೂಡದು, ಕಣ್ಣನ್ನು ಉಜ್ಜಕೂಡದು ಎಂದು ಡಾಕ್ಟರು ಎರಡು ಸಲ ಹೇಳಿದರು. ಕಾರಿನ ಸೂರಾದರೋ ಒಂದು ಹಳ್ಳ ಸಿಕ್ಕರೆ ಸಾಕು, ಹಳದಿಯ ಪುಡಿಯನ್ನು ಉದುರಿಸುತ್ತಿತ್ತು. ಅಜ್ಜಿಯನ್ನು ಕರೆದುಕೊಂಡು ಹೋಗಿಬರಲು ನಮಗಿದ್ದುದು ಅದೊಂದೇ ಕಾರು. ಉಳಿದಿದ್ದುದು ಹದಿಮೂರು ದಿನ.

ಕುಷನ್ ಅಂಗಡಿಯವರು ನೋಡಿ ೫,೫೦೦ ರೂಪಾಯಿ ಎಂದರು. ಮಾವ ಬೆರಗಾಗಿ, “ಬರೀ ಬಟ್ಟೆ ಅಂಟಿಸೋದಕ್ಕಾ?” ಎಂದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರಿಕೆ.

ನಾನೂ ಮಾವನ ಪಕ್ಷವೇ. ಲೆಕ್ಕ ಸುಲಭವಾಗಿ ಕಂಡಿತು. ಬಟ್ಟೆ ಮೀಟರಿಗೆ ಮುನ್ನೂರು ಚಿಲ್ಲರೆ. ಎರಡೂವರೆ ಮೀಟರು ಸಾಕು. ಮೇಲಿಷ್ಟು ಅಂಟು. ಉಳಿದುದೆಲ್ಲ ದರೋಡೆಯಲ್ಲದೆ ಮತ್ತೇನು? “ಮಾವ, ನಾನು ಮಾಡ್ತೀನಿ ಬಿಡಿ” ಎಂದೆ. “ಆಗಲಪ್ಪ ಅಳಿಯ, ನೀನು ಓದಿದೋನು” ಎಂದರು. ಓದಿದವನು ಮಾಡಿದ ಮೊದಲ ಕೆಲಸವೇನೆಂದರೆ ಗುಂಡುಪಿನ್ನು ಚುಚ್ಚಿದುದು. ಪಿನ್ನುಗಳು ಎರಡು ದಿನ ಹಿಡಿದು, ಮೂರನೆಯ ದಿನ ಒಂದೊಂದಾಗಿ ಸೀಟಿನ ಮೇಲೆ ಬಿದ್ದುವು. ಅದರ ಫಲವನ್ನು ಮಾವ ಅನುಭವಿಸಿದರು, ವರ್ಣನೆ ಬೇಡ. ಎರಡನೆಯದಾಗಿ ಔಷಧಿ ಅಂಗಡಿಯಿಂದ ಸಿರಿಂಜು ತಂದು, ಮರಕ್ಕೆ ಹಾಕುವ ಬಿಳಿಯ ಅಂಟನ್ನು ನೀರಿನಲ್ಲಿ ಕದಡಿ, ಬಟ್ಟೆಯ ಹಿಂದಕ್ಕೆ ಚುಚ್ಚಿ ಬಿಟ್ಟೆ. ಅಂಗೈಯಿಂದ ಒತ್ತಿ ಹಿಡಿದೆ. ಸಂಜೆಗೆ ಸೂರು ಮಟ್ಟಸವಾಗಿತ್ತು. ಮಾವ ಬೆನ್ನು ತಟ್ಟಿದರು. ಮರುದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಬಟ್ಟೆ ಮೊದಲಿಗಿಂತ ಒಂದು ಗೇಣು ಕೆಳಕ್ಕೆ ಬಂದಿತ್ತು. ಅಂಟು ಬಿಟ್ಟಲ್ಲೆಲ್ಲ ಚಹ ಚೆಲ್ಲಿದಂಥ ಕಲೆ ಬೇರೆ.

ನನ್ನ ತಂದೆಯವರು ಮನೆಗಳಿಗೆ ಸುಣ್ಣ ಬಣ್ಣ ಬಳಿಯುವ ಕೆಲಸದವರು. ಅಂದು ಸಂಜೆ ಕೆಲಸದಿಂದ ಬಂದವರು ಕಾರಿನೊಳಗೆ ಬಗ್ಗಿ, ಜೋತಿದ್ದ ಬಟ್ಟೆಯ ಹಿಂದೆ ಕೈತೂರಿಸಿ ಸವರಿದರು. ಕೈ ಹಳದಿಯಾಯಿತು. ಎರಡು ಬೆರಳುಗಳ ನಡುವೆ ಆ ಪುಡಿಯನ್ನು ಉಜ್ಜಿ ನೋಡಿ, “ಬಟ್ಟೇದು ತಪ್ಪಿಲ್ಲ ಕಣೋ. ಅಂಟಿಂದೂ ತಪ್ಪಿಲ್ಲ. ನೀನು ಉದುರೋ ಸುಣ್ಣದ ಮೇಲೆ ಡಿಸ್ಟೆಂಪರ್ ಹೊಡೆದಿದ್ದೀಯ. ಹಳೇದು ಕೆರೀದೆ ಹೊಸದು ಹಿಡಿಯಲ್ಲ” ಎಂದರು. ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದರು.

ಕಾರಿನ ಸೂರಿನ ಮರ್ಮವೆಲ್ಲ ಈ ಮಾತಿನಲ್ಲಿಯೇ ಇದೆ. ಆಮೇಲೆ ನಾನು ಓದಿ ತಿಳಿದದ್ದು ಅದಕ್ಕೆ ಬರೆದ ಭಾಷ್ಯ ಮಾತ್ರ. ಈಗಿನ ಕಾರುಗಳ ಸೂರಿನಲ್ಲಿ ಮೂರು ಪದರಗಳುಂಟು. ಮೇಲೆ ಅಚ್ಚೊತ್ತಿದ ಗಟ್ಟಿ ರಟ್ಟಿನಂಥ ಹಲಗೆ. ಕೆಳಗೆ ನಮ್ಮ ಕಣ್ಣಿಗೆ ಕಾಣುವ ತೆಳುಬಟ್ಟೆ. ಎರಡರ ನಡುವೆ ಎರಡು ಮೂರು ಮಿಲಿಮೀಟರು ದಪ್ಪದ ಸ್ಪಂಜು. ಬಟ್ಟೆ ಹಲಗೆಗೆ ಅಂಟಿಲ್ಲ. ಬಟ್ಟೆ ಸ್ಪಂಜಿಗೆ, ಸ್ಪಂಜು ಹಲಗೆಗೆ ಅಂಟಿದೆ. ಈ ಸ್ಪಂಜು ಪಾಲಿಯುರಿಥೇನ್ ಎಂಬ ಪದಾರ್ಥದ್ದು. ಜರ್ಮನಿಯ ಲೆವರ್ಕುಸೆನ್ ಪಟ್ಟಣದಲ್ಲಿ ೧೯೩೭ರಲ್ಲಿ ಒಟ್ಟೊ ಬೇಯರ್ ಎಂಬ ರಸಾಯನ ವಿಜ್ಞಾನಿಯೂ ಅವನ ಜೊತೆಗಾರರೂ ಕಂಡುಹಿಡಿದ ವಸ್ತು ಅದು. ಹಗುರ, ಮೆತ್ತಗೆ, ಅಗ್ಗ, ಆದರೆ ಚಿರಾಯುವಲ್ಲ. ಶಾಖ, ಗಾಳಿಯ ತೇವ, ಆಮ್ಲಜನಕ ಇವು ಮೂರೂ ಸೇರಿ ವರ್ಷಗಳು ಕಳೆದಂತೆ ಅದರ ಕಟ್ಟನ್ನೇ ಸಡಿಲಿಸುತ್ತವೆ. ಮೊದಲು ಜಿಗುಟಾಗಿ, ಆಮೇಲೆ ಪುಡಿಯಾಗುತ್ತದೆ. ೧೯೬೦ರ ದಶಕದಲ್ಲಿ ಇದೇ ಫೋಮಿನಿಂದ ಮಾಡಿದ ಕಲಾಕೃತಿಗಳನ್ನೂ ಕುರ್ಚಿಗಳನ್ನೂ ಉಳಿಸಿಕೊಳ್ಳುವುದು ಯುರೋಪಿನ ವಸ್ತುಸಂಗ್ರಹಾಲಯದವರಿಗೆ ಈಗ ದೊಡ್ಡ ತಲೆನೋವಾಗಿದೆಯಂತೆ. ಗಾಜಿನ ಪೆಟ್ಟಿಗೆಯಲ್ಲಿ ತಣ್ಣಗೆ ಕುಳಿತ ಫೋಮಿಗೇ ಈ ಗತಿಯಾದರೆ, ಬಯಲುಸೀಮೆಯ ಬಿಸಿಲಲ್ಲಿ ನಿಲ್ಲುವ ಕಾರಿನದನ್ನು ಕೇಳಬೇಕೆ? ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಾಳಿ ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ ೨೦ ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ. ಸೂರು ಆ ಕಾವಿಗೆ ಮೈಯೊಡ್ಡಿ ವರ್ಷಗಟ್ಟಲೆ ಇರಬೇಕು.

ಹೀಗಿರುವಾಗ ಪಿನ್ನು, ಸಿರಿಂಜು, ಬಿಸಿ ಅಂಟಿನ ಬಂದೂಕು, ಇಸ್ತ್ರಿಪೆಟ್ಟಿಗೆಯ ಹಬೆ ಎಂದು ಐದು ನಿಮಿಷದ ಉಪಾಯಗಳನ್ನು ಫೋನಿನಲ್ಲಿ ತೋರಿಸುವವರನ್ನು ನಾನು ನಂಬುವುದಿಲ್ಲ. ಅವರು ಬಟ್ಟೆಯನ್ನು ಸತ್ತ ಸ್ಪಂಜಿಗೆ ಅಂಟಿಸುತ್ತಾರೆ. ಸ್ಪಂಜು ತನ್ನನ್ನೇ ತಾನು ಹಿಡಿದುಕೊಳ್ಳಲಾರದು, ಬಟ್ಟೆಯನ್ನು ಹೇಗೆ ಹಿಡಿದೀತು? ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಹಳೆಯ ಅಂಬಾಸಡರುಗಳಲ್ಲಿ ಈ ತೊಂದರೆ ಇರಲಿಲ್ಲವೆಂದು ನಮ್ಮೂರ ಹಿರಿಯ ಡ್ರೈವರೊಬ್ಬರು ಹೆಮ್ಮೆಯಿಂದ ಹೇಳಿದರು. ಅದು ನಿಜ. ಅವುಗಳಲ್ಲಿ ಬಟ್ಟೆಯನ್ನೋ ರೆಕ್ಸಿನ್ನನ್ನೋ ಅಡ್ಡಡ್ಡಲಾಗಿ ಹೊಲಿದು, ಹೊಲಿಗೆಯೊಳಗೆ ಉಕ್ಕಿನ ಕಮಾನು ಕಂಬಿಗಳನ್ನು ತೂರಿಸಿ, ಕೊಡೆಯಂತೆ ಬಿಗಿದು ಕಟ್ಟುತ್ತಿದ್ದರು. ಹರಿದರೆ ದರ್ಜಿಯೂ ಸರಿಮಾಡಬಹುದಿತ್ತು. ಬೊಂಬಾಯಿಯ ಪದ್ಮಿನಿ ಟ್ಯಾಕ್ಸಿಗಳವರಂತೂ ಸೂರಿಗೆ ಹೂಬಳ್ಳಿಯ ರೆಕ್ಸಿನ್ನು ಹೊದಿಸಿ ಮೆರೆಸುತ್ತಿದ್ದರು. ೨೦೧೫ರಲ್ಲಿ ಅಲ್ಲಿನ ಯುವ ಚಿತ್ರಕಾರರು ಟ್ಯಾಕ್ಸಿಗಳ ಸೀಟಿಗೂ ಸೂರಿಗೂ ಚಿತ್ರದ ಬಟ್ಟೆಗಳನ್ನೇ ರಚಿಸಿ ಹೊದಿಸಿದ್ದುಂಟು. ಆ ಪದ್ಮಿನಿ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದುವು. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿಯೇ ನಿಂತಿತು. ಹಳೆಯದನ್ನು ನೆನೆದು ಪ್ರಯೋಜನವಿಲ್ಲ, ನಮ್ಮ ಪಾಲಿಗೆ ಬಂದಿರುವುದು ಅಂಟಿನ ಸೂರು.

ಬಟ್ಟೆಯನ್ನು ಬೆಂಗಳೂರಿಗೆ ಹೋಗಿದ್ದ ಗೆಳೆಯನ ಕೈಯಲ್ಲಿ ಜೆ.ಸಿ. ರಸ್ತೆಯಿಂದ ತರಿಸಿದೆ. ಮೋಟಾರು ಸಾಮಾನಿನ ಅಂಗಡಿಗಳಿಗೆ ಹೆಸರಾದ ಬೀದಿ ಅದು. ಮಾವ ಕೆಂಪು ಮಖಮಲ್ಲು ಬೇಕೆಂದರು, ನಾಟಕದ ಪರದೆಯಾದೀತೆಂದು ಅಪ್ಪ ಬೂದು ಬಣ್ಣಕ್ಕೆ ಒಪ್ಪಿಸಿದರು. ಹಿಂಬದಿಗೆ ಸ್ಪಂಜು ಕೂಡಿಸಿದ ಬಟ್ಟೆಯೇ ಆಗಬೇಕು. ಬರಿಯ ಬಟ್ಟೆ ತಂದರೆ ಅಂಟು ಹೊರಕ್ಕೆ ಹೀರಿ ಕಲೆಯಾಗುತ್ತದೆ, ಹಲಗೆಯ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ.

ಭಾನುವಾರ ಬೆಳಗ್ಗೆ ಏಳಕ್ಕೆ ಆರಂಭಿಸಿದೆವು. ಬಿಸಿಲುಮರೆಗಳು, ಮೇಲಿನ ಹಿಡಿಕೆಗಳು, ಒಳದೀಪ, ಬಾಗಿಲ ಕಂಬಗಳ ಪ್ಲಾಸ್ಟಿಕ್ ಪಟ್ಟಿಗಳು, ರಬ್ಬರ್ ಬೀಡಿಂಗು ಎಲ್ಲವನ್ನೂ ಬಿಚ್ಚಬೇಕು. ಬಿಚ್ಚಿದ ತಿರುಪುಗಳನ್ನು ಅಮ್ಮನ ಒಗ್ಗರಣೆ ಡಬ್ಬಿಯ ಒಂದೊಂದು ಬಟ್ಟಲಿನಲ್ಲಿ ಬೇರೆ ಬೇರೆಯಾಗಿ ಹಾಕಿಟ್ಟೆವು. ನಾನು ಮಾಡಿದ ಜಾಣ ಕೆಲಸ ಇದೊಂದೇ, ಅದಕ್ಕೆ ಅಮ್ಮನಿಂದ ಬೈಸಿಕೊಂಡೆ. ಸೀಟುಗಳನ್ನು ಮಲಗಿಸಿ, ಇಬ್ಬರು ಎರಡು ಕಡೆ ಹಿಡಿದು, ಹಲಗೆಯನ್ನು ಓರೆಯಾಗಿ ಬಾಗಿಲಿನಿಂದ ಹೊರತೆಗೆಯಬೇಕು. ಅದು ಹಪ್ಪಳದಂಥದು, ಮಡಿಸಿದರೆ ಮುರಿದ ಗೆರೆ ಕೊನೆಯವರೆಗೂ ಹೋಗುವುದಿಲ್ಲ. ಇಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಹಲಗೆಯನ್ನು ಅಂಗಳದಲ್ಲಿ ಎರಡು ಬೆಂಚುಗಳ ಮೇಲಿಟ್ಟು ಹಳೆಯ ಬಟ್ಟೆಯನ್ನು ಎಳೆದೆ. ಬಾಳೆಯ ಸಿಪ್ಪೆಯಂತೆ ಒಂದೇ ಸಲಕ್ಕೆ ಬಂದುಬಿಟ್ಟಿತು. “ಆಯ್ತಲ್ಲ!” ಎಂದೆ. ಅಪ್ಪ ಮಾತನಾಡದೆ ತೆಂಗಿನ ನಾರಿನ ಬ್ರಷ್ಷನ್ನು ನನ್ನ ಕೈಗಿತ್ತರು. ಹಲಗೆಯ ತುಂಬ ಸತ್ತ ಸ್ಪಂಜು ಪಾಚಿಯಂತೆ ಹಿಡಿದಿತ್ತು. ಒಣಗಿದಲ್ಲಿ ಪುಡಿ, ತಗ್ಗುಗಳಲ್ಲಿ ಬೆಲ್ಲದ ಪಾಕದಂಥ ಅಂಟು. ಮೂಗಿಗೆ ಬಟ್ಟೆ ಕಟ್ಟಿ ಉಜ್ಜಿದೆವು. ಗಟ್ಟಿಯಾಗಿ ಉಜ್ಜಿದರೆ ಹಲಗೆಯ ನಾರು ಕಿತ್ತುಬರುತ್ತದೆ, ಮೆಲ್ಲಗೆ ಉಜ್ಜಿದರೆ ಸ್ಪಂಜು ಬಿಡುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ನನಗೆ ಬೇಸರ ಬಂದಿತು. ಹನ್ನೆರಡಕ್ಕೆ ಕೋಪ ಬಂದಿತು. ಎರಡು ಗಂಟೆಗೆ, ಉಳಿದದ್ದು ಬಟ್ಟೆಯ ಹಿಂದೆ ಅಡಗುವುದಲ್ಲವೆ, ಯಾರು ನೋಡುತ್ತಾರೆ ಎಂಬ ವಿಚಾರ ಬಂದಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅಪ್ಪ ಬ್ರಷ್ಷನ್ನು ಕೆಳಗಿಡದೆಯೇ, “ಮೂವತ್ತು ವರ್ಷದಿಂದ ನನಗೂ ದಿನಾ ಮಧ್ಯಾಹ್ನ ಹಂಗೇ ಅನ್ನಿಸ್ತದೆ” ಎಂದರು.

ಹಲಗೆ ಉಪ್ಪುಕಾಗದದಿಂದ ತೀಡಿಸಿಕೊಂಡು ಚೊಕ್ಕಟವಾದಾಗ ನಾಲ್ಕೂವರೆ. ಮಧ್ಯೆ ಊಟದ ಹೊತ್ತನ್ನು ಬಿಟ್ಟರೆ ಇಬ್ಬರೂ ಬೆನ್ನು ಎತ್ತಿರಲಿಲ್ಲ.

ಅಂಟಿಸಿದುದು ಮರುದಿನ ಬೆಳಗ್ಗೆ. ಬಿಳಿಯ ಅಂಟು ಇದಕ್ಕಾಗದು, ಕಾವಿಗೆ ಮೆತ್ತಗಾಗುತ್ತದೆ. ಫೆವಿಕಾಲ್ ಎಸ್.ಆರ್. ಮೊದಲಾದ ಹಳದಿಯ ರಬ್ಬರ್ ಅಂಟು ಬೇಕು. ಇದರಲ್ಲಿ ಬೇಗ ಹೊತ್ತಿಕೊಳ್ಳುವ ದ್ರಾವಕವಿರುವುದರಿಂದ ಬಯಲಿನಲ್ಲಿಯೇ ಕೆಲಸ ಮಾಡಬೇಕು, ಹತ್ತಿರದಲ್ಲಿ ಬೀಡಿ, ಒಲೆ, ದೀಪ ಯಾವುದೂ ಇರಕೂಡದು. ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ ಸುತ್ತಲೂ ಮೂರು ಬೆರಳು ಹೆಚ್ಚು ಬಿಟ್ಟು, ಅರ್ಧವನ್ನು ಹಿಂದಕ್ಕೆ ಮಡಿಸಿ, ಹಲಗೆಗೂ ಬಟ್ಟೆಯ ಸ್ಪಂಜಿಗೂ ಎರಡಕ್ಕೂ ತೆಳ್ಳಗೆ ಅಂಟು ಬಳಿಯಬೇಕು. ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯಬೇಕು. ಬೆರಳು ಇಟ್ಟರೆ ಬೆರಳಿಗೆ ಹತ್ತಬಾರದು. ಆಗ ನಡುವಿನಿಂದ ಅಂಚಿನ ಕಡೆಗೆ, ತಗ್ಗುಗಳನ್ನು ಮೊದಲು ತುಂಬುತ್ತ, ಎಳೆಯದೆ, ಅಂಗೈಯಿಂದ ಒತ್ತುತ್ತ ಹೋಗಬೇಕು. ತಗ್ಗಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕೂರಿಸಿದರೆ ಒಂದು ವಾರದಲ್ಲಿ ಅಲ್ಲಿಯೇ ಎದ್ದು ನಿಲ್ಲುತ್ತದೆ. ಈ ಅಂಟು ಎರಡನೆಯ ಅವಕಾಶ ಕೊಡುವುದಿಲ್ಲ, ತಾಗಿತೆಂದರೆ ತಾಗಿತು. ಹಿಂದಿನ ಗಾಜಿನ ಬಳಿ ನಾನು ಅವಸರಪಟ್ಟು ಇಟ್ಟ ಕಡೆ ಒಂದು ನೆರಿಗೆ ಬಿದ್ದಿದೆ. ಈಗಲೂ ಇದೆ, ಮಾವ ಬಂದವರಿಗೆಲ್ಲ ತೋರಿಸುತ್ತಾರೆ. ಉಳಿದರ್ಧವನ್ನು ಅಪ್ಪ ಕೂರಿಸಿದರು, ಅದರಲ್ಲಿ ನೆರಿಗೆಯಿಲ್ಲ. ಒಂದು ದಿನ ಒಣಗಲು ಬಿಟ್ಟು, ದೀಪದ ತೂತಿನಲ್ಲಿ ಗುಣಾಕಾರದ ಗುರುತಿನಂತೆ ಕತ್ತರಿಸಿ ಒಳಕ್ಕೆ ಮಡಿಸಿ, ಹಲಗೆಯನ್ನು ಮರಳಿ ಏರಿಸಿದೆವು.

ಇನ್ನು ಲೆಕ್ಕ. ಬಟ್ಟೆ ೮೦೦ ರೂಪಾಯಿ, ಅಂಟು ೪೨೦, ಬ್ರಷ್ಷುಗಳು ೬೦, ಉಪ್ಪುಕಾಗದ ೪೦, ಮೂಗಿನ ಮರೆಗಳು ೨೦, ನಾನು ಮುರಿದ ನಾಲ್ಕು ಕ್ಲಿಪ್ಪುಗಳಿಗೆ ೬೦. ಒಟ್ಟು ೧,೪೦೦. ಅಂಗಡಿಯವರು ಹೇಳಿದುದಕ್ಕಿಂತ ೪,೧೦೦ ಕಡಿಮೆ. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ‘ಹಗಲು ದರೋಡೆ’ಯ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಇಬ್ಬರ ಒಂದೂವರೆ ದಿನವನ್ನು ಎಲ್ಲಿ ಬರೆಯಬೇಕು? ಮೂರು ಆಳು-ದಿನ. ಅಪ್ಪನಿಗೆ ದಿನಕ್ಕೆ ೮೦೦ ರೂಪಾಯಿ ಕೂಲಿ. ನನ್ನ ಕೈಗೂ ಅದೇ ಬೆಲೆ ಕಟ್ಟುವುದು ದಾರಾಳವಾಯಿತು, ಆದರೂ ಕಟ್ಟೋಣ. ೨,೪೦೦ ಆಯಿತು. ಸಾಮಾನಿನ ಜೊತೆಗೆ ೩,೮೦೦. ಉಳಿದ ೧,೭೦೦ರಲ್ಲಿ ಅಂಗಡಿಯ ಬಾಡಿಗೆ, ಕರೆಂಟು, ಬಿದ್ದರೆ ಮತ್ತೆ ಅಂಟಿಸಿಕೊಡುವ ಹೊಣೆ, ನೆರಿಗೆ ಬೀಳದಂತೆ ಕೂರಿಸುವ ಕೈ, ಇಷ್ಟೂ ಬರಬೇಕು. ದರೋಡೆ ಎಲ್ಲಿದೆ? ನಾನು ಹುಡುಕಿದೆ, ಸಿಕ್ಕಲಿಲ್ಲ.

ಆ ಬೆಲೆ ನಮಗೆ ದರೋಡೆಯಾಗಿ ಕಾಣುವುದೇಕೆಂದರೆ ಕೆರೆಯುವ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಕಾಣುತ್ತದೆ, ಕೆರೆದದ್ದು ಬಟ್ಟೆಯ ಹಿಂದೆ ಹೋಗಿಬಿಡುತ್ತದೆ. ಅಪ್ಪನ ಅನುಭವವೂ ಇದೇ. “ಬಣ್ಣಕ್ಕೆ ದುಡ್ಡು ಕೊಡ್ತಾರೆ, ಬಳಿಯೋದಕ್ಕೂ ಕೊಡ್ತಾರೆ. ಕೆರೆಯೋದಕ್ಕೆ ಮಾತ್ರ, ಅದೇನು ಕೆಲಸ ಅಂತಾರೆ” ಎಂದು ಅವರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದ್ದೆ, ಅಷ್ಟೆ. ನನ್ನ ಕಾಲೇಜಿನ ಶುಲ್ಕ ಕಟ್ಟಿದ ಆ ಕೂಲಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಮಧ್ಯಾಹ್ನಗಳೆಷ್ಟು ಸೇರಿವೆಯೆಂದು ಎಣಿಸಿರಲಿಲ್ಲ. ಅದೇ ನಾನು ಕುಷನ್ ಅಂಗಡಿಯ ಮುಂದೆ ಮಾವನ ಪಕ್ಕದಲ್ಲಿ ನಿಂತು, ಅಪ್ಪನ ಗಿರಾಕಿಗಳು ಆಡುವ ಮಾತನ್ನೇ ಆಡಿ ಬಂದಿದ್ದೆ.

ಹಾಗಾದರೆ ಮನೆಯಲ್ಲಿ ಮಾಡಕೂಡದೆ? ಮಾಡಬೇಕೆಂದೇ ನನ್ನ ಅಭಿಪ್ರಾಯ. ಕೈಯಲ್ಲಿ ಹಣವಿಲ್ಲದೆ ಒಂದು ರಜಾದಿನವಿರುವವರು ಧೈರ್ಯವಾಗಿ ಮಾಡಬಹುದು, ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಆದರೆ ಉಳಿತಾಯ ಬರುವುದು ಕೆರೆಯುವ ಕೂಲಿಯನ್ನು ನಾವೇ ಹೊರುವುದರಿಂದ, ಕೆರೆಯದೆ ಬಿಡುವುದರಿಂದಲ್ಲ. ಕೆರೆಯಲು ಮನಸ್ಸಿಲ್ಲದವರು ಅಂಗಡಿಗೆ ಹೋಗಿ ಕೇಳಿದಷ್ಟು ಕೊಡಲಿ, ಚೌಕಾಸಿ ಬೇಡ. ಇನ್ನೊಂದು ಮಾತು: ಬಾಗಿಲುಗಳ ಮೇಲೆ ಸೂರಿನ ಅಂಚಿನಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗು ಇರುವ ಹೊಸ ಕಾರುಗಳಿಗೆ ನಮ್ಮಂಥವರು ಕೈಹಾಕಬಾರದು. ಅಲ್ಲಿ ತಪ್ಪಿದರೆ ನೆರಿಗೆಯಲ್ಲಿ ಮುಗಿಯುವುದಿಲ್ಲ. ಮಾವನ ಕಾರಿನಲ್ಲಿ ಅದಿರಲಿಲ್ಲ.

ಅಜ್ಜಿಯ ಕಣ್ಣಿನ ಚಿಕಿತ್ಸೆ ನಿಶ್ಚಯಿಸಿದ ದಿನವೇ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತು ಬಂದರು. ದಾರಿಯ ಹಳ್ಳಗಳೆಲ್ಲ ಹಾಗೆಯೇ ಇದ್ದುವು, ಸೂರಿನಿಂದ ಏನೂ ಉದುರಲಿಲ್ಲ. ವಾರದ ಮೇಲೆ ಮತ್ತೆ ತೋರಿಸಲು ಹೋದಾಗ ಅಜ್ಜಿ ತಲೆಯೆತ್ತಿ ನೋಡಿ, “ಇದೇನೋ ಇಲ್ಲೊಂದು ಗೆರೆ?” ಎಂದು ನನ್ನ ನೆರಿಗೆಯನ್ನು ಮುಟ್ಟಿದರು. ಕಣ್ಣು ಚೆನ್ನಾಗಿಯೇ ಬಂದಿತ್ತು.

ಸುದ್ದಿ ಹರಡಿ, ಕಳೆದ ತಿಂಗಳು ನಮ್ಮ ಬೀದಿಯವರೊಬ್ಬರು ತಮ್ಮ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ಅದರ ಸೂರೂ ಜೋತಿತ್ತು. “ನಮ್ಮದಕ್ಕೂ ಒಂದು ಕೈ ಹಾಕಪ್ಪ. ಎಷ್ಟಾಗ್ತದೆ?” ಎಂದರು. ನಾನು ಹಲಗೆಯನ್ನೊಮ್ಮೆ ತಟ್ಟಿ ನೋಡಿ, ಸಾಮಾನೂ ಸೇರಿ ಐದು ಸಾವಿರ ಎಂದೆ.

“ಬರೀ ಬಟ್ಟೆ ಅಂಟಿಸೋದಕ್ಕಾ?” ಎಂದರು.

ಜಗಲಿಯ ಮೇಲೆ ಬ್ರಷ್ಷು ತೊಳೆಯುತ್ತಿದ್ದ ಅಪ್ಪ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಅವರ ಹೆಗಲು ಕುಲುಕುತ್ತಿದ್ದುದು ಮಾತ್ರ ನನಗೆ ಕಾಣುತ್ತಿತ್ತು.